ದೀಪಾವಳಿಗೆ ಮನೆಕೆಲಸದವರಿಗೆ, ಸೆಕ್ಯುರಿಟಿಯವರಿಗೆ ಎಷ್ಟು ಕೊಡಬೇಕು?

ವರ್ಷಪೂರ್ತಿ ಮನೆಯೊಳಗೆ ಬಂದು ದುಡಿದವರಿಗೆ ಒಂದು ತಿಂಗಳ ಸಂಬಳ. ದುಡ್ಡಾಗಿಯೇ ಕೊಡಿ, ಹಬ್ಬಕ್ಕೆ ಹತ್ತು ದಿನ ಮೊದಲೇ ಕೊಡಿ. ಉಳಿದದ್ದೆಲ್ಲ ಆಮೇಲೆ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇದು ನಿಮಗೆ ಮೊದಲ ದೀಪಾವಳಿ ಅಂತ ಬರೆದಿದ್ದೀರಿ. ಪಾತ್ರೆ, ಕಸಕ್ಕೆ ಒಬ್ಬರು ಬರುತ್ತಾರೆ, ಅಡುಗೆಯವರು ಸೇರಿ ಮೂರು ತಿಂಗಳಾಯಿತು. ಒಂದು ಸೀರೆ, ಒಂದು ಸ್ವೀಟ್ ಬಾಕ್ಸ್ ಸಾಕಾ ಅಂತ ಕೇಳಿದ್ದೀರಿ. ಪಕ್ಕದ ಮನೆಯವರು ಬೇರೆ "ಜಾಸ್ತಿ ಕೊಟ್ಟು ರೇಟು ಕೆಡಿಸಬೇಡಿ" ಅಂದಿದ್ದಾರಂತೆ. ಮೊದಲು ಆ ಮಾತನ್ನೇ ನೋಡೋಣ. ಏಕೆಂದರೆ ಪ್ರತಿ ವರ್ಷ ಈ ಮಾತು ಕೇಳಿಯೇ ಎಷ್ಟೋ ಜನ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಮನೆಕೆಲಸ ಮಾಡುವ ಹೆಂಗಸರು ಸಾಮಾನ್ಯವಾಗಿ ನಾಲ್ಕೈದು ಮನೆ ಹಿಡಿದಿರುತ್ತಾರೆ. "ಐದು ಮನೆಯಿಂದ ಐದು ಬೋನಸ್, ಅವರಿಗೇನು ಕಮ್ಮಿ?" ಅನ್ನುವುದನ್ನು ನಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲೇ ಕೇಳಿದ್ದೇನೆ. ಲೆಕ್ಕ ಹಾಕಿ ನೋಡಿ. ಮನೆಗೆ 3,000 ರೂಪಾಯಿ ಅಂತ ಇಟ್ಟುಕೊಂಡರೆ ಐದು ಮನೆಗೆ ತಿಂಗಳಿಗೆ 15,000. ಐದೂ ಮನೆಯವರು ಒಂದೊಂದು ತಿಂಗಳ ಸಂಬಳ ಕೊಟ್ಟರೆ ಬರುವುದೂ 15,000. ಅಂದರೆ ಅವರ ಒಂದೇ ಒಂದು ತಿಂಗಳ ದುಡಿಮೆ, ಅಷ್ಟೇ. ಐದರಲ್ಲಿ ಎರಡು ಮನೆಯವರು ಸ್ವೀಟ್ ಕೊಟ್ಟು ಕಳಿಸಿದರೆ ಅದೂ ಪೂರ್ತಿ ಸಿಗುವುದಿಲ್ಲ.

ಈ ಒಂದು ತಿಂಗಳು ಅನ್ನುವುದು ಯಾರದೋ ಔದಾರ್ಯದಿಂದ ಬಂದದ್ದೂ ಅಲ್ಲ. 1965ರ ಬೋನಸ್ ಕಾಯ್ದೆಯಲ್ಲಿ ಕನಿಷ್ಠ ಬೋನಸ್ ವರ್ಷದ ಸಂಬಳದ ಶೇ 8.33. ನೂರನ್ನು ಹನ್ನೆರಡರಿಂದ ಭಾಗಿಸಿದರೆ ಇದೇ ಬರುತ್ತದೆ, ಅಂದರೆ ಒಂದು ತಿಂಗಳ ಪಾಲು. ಎಷ್ಟು ಸಂಬಳದ ಮೇಲೆ ಲೆಕ್ಕ ಹಾಕಬೇಕು ಅನ್ನುವುದಕ್ಕೆ ಮಿತಿ ಇದೆ, ನಿಜ. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಬದಲಿಗೆ ವೇತನ ಸಂಹಿತೆ ಜಾರಿಗೆ ಬಂದ ಮೇಲೂ ಈ 8.33 ಹಾಗೇ ಉಳಿದಿದೆ. ಆದರೆ ಇದು 20 ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಸಂಸ್ಥೆಗಳಿಗೆ. ನಿಮ್ಮ ಮನೆ, ನನ್ನ ಮನೆ ಅದರೊಳಗೆ ಬರುವುದಿಲ್ಲ. ಮನೆಕೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ ಕರ್ನಾಟಕ 2004ರಲ್ಲೇ ಸೇರಿಸಿತು. ಬೋನಸ್ ವಿಷಯದಲ್ಲಿ ಮಾತ್ರ ಈ ಹೆಂಗಸರ ಪರ ಕಾನೂನಿಲ್ಲ. ನಾವಾಗಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆಫೀಸಿನಲ್ಲಿ ನಮ್ಮ ಬೋನಸ್ ಒಂದು ವಾರ ತಡವಾದರೆ ನಾವು ಎಚ್‌ಆರ್‌ಗೆ ಮೇಲ್ ಹಾಕುತ್ತೇವೆ, ಅವರು ಯಾರನ್ನು ಕೇಳಬೇಕು?

ಇನ್ನು ಸೀರೆ. ದುಡ್ಡಿನ ಜೊತೆಗೆ ಕೊಡುವುದಾದರೆ ಖಂಡಿತ ಕೊಡಿ, ಎಲೆ ಅಡಿಕೆ, ಅರಿಶಿನ ಕುಂಕುಮ ಇಟ್ಟೇ ಕೊಡಿ. ದುಡ್ಡಿನ ಬದಲಿಗೆ ಬೇಡ. ಸೀರೆಗೆ ಫಾಲ್ ಹಚ್ಚಿಸಬೇಕು, ಬ್ಲೌಸ್ ಹೊಲಿಸಬೇಕು. ನಾವು ಕೊಟ್ಟ ಉಡುಗೊರೆಗೆ ಟೈಲರ್ ಖರ್ಚು ಅವರ ಕೈಯಿಂದ. ಬಾಗಿನದಲ್ಲಿ ಬಂದು ಬೀರುವಿನಲ್ಲಿ ಕೂತಿದ್ದ ಬ್ಲೌಸ್ ಪೀಸ್ ತೆಗೆದು ಕೊಡುವುದಂತೂ ಬೇಡವೇ ಬೇಡ. ಅದು ಯಾರೋ ಬೇಡವೆಂದು ದಾಟಿಸಿದ್ದು ಅಂತ ಅವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಸ್ವೀಟ್ ವಿಷಯಕ್ಕೆ ಬಂದರೆ, ನಮ್ಮ ಮನೆಗೆ ಬರುವವರು ಒಂದು ವರ್ಷ ಹಬ್ಬದ ಹಿಂದಿನ ದಿನ ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ತಮ್ಮ ಚೀಲ ಇಟ್ಟಿದ್ದರು. ಅದರಲ್ಲಿ ಬೇರೆ ಬೇರೆ ಮನೆಯ ಸ್ವೀಟ್ ಬಾಕ್ಸುಗಳು, ಒಂದರ ಮೇಲೊಂದು. "ಅಕ್ಕಾ, ನಮ್ಮತ್ತೆಗೆ ಶುಗರ್ ಐತೆ. ಮಕ್ಕಳಾದ್ರೂ ಎಷ್ಟು ತಿಂತಾರೆ? ಎಣ್ಣೆ ಪ್ಯಾಕೆಟ್ ಕೊಟ್ಟಿದ್ರೆ ಆಗಿರೋದು" ಅಂದರು. ಅವತ್ತಿನಿಂದ ನಾನು ದುಡ್ಡಿನ ಜೊತೆಗೆ ಎಣ್ಣೆ, ಬೆಲ್ಲ, ಕಡಲೆಬೇಳೆ, ಮೈದಾ ಕೊಡುತ್ತೇನೆ. ಒಬ್ಬಟ್ಟಿಗೆ ಬೇಕಾದದ್ದು. ಮೊದಲೇ ಕೊಡುವುದರಿಂದ ಅವರ ಮನೆಯ ಹಬ್ಬಕ್ಕೇ ಒದಗುತ್ತದೆ.

ಕೊಡುವ ರೀತಿಯಲ್ಲಿ ಎರಡು ವಿಷಯ ಗಮನಿಸಿ. ಒಂದು, ಫೋನಿನಲ್ಲಿ ಕಳಿಸುವ ಮುಂಚೆ ನಂಬರ್ ಯಾರದ್ದು ಅಂತ ಕೇಳಿ. ಎಷ್ಟೋ ಹೆಂಗಸರು ಕೊಡುವ ಯುಪಿಐ ನಂಬರ್ ಗಂಡನದ್ದೋ ಮಗನದ್ದೋ ಆಗಿರುತ್ತದೆ. ಆ ದುಡ್ಡು ಇವರ ಕಣ್ಣಿಗೂ ಬೀಳದೆ ಹೋಗಬಹುದು. ಕವರಿನಲ್ಲಿ ನೋಟು ಹಾಕಿ, ಅವರ ಕೈಗೇ ಕೊಡಿ. ಎರಡನೆಯದು, ಅಡ್ವಾನ್ಸ್ ಬಾಕಿ ಇದ್ದರೆ ಅದನ್ನು ಈ ದುಡ್ಡಿನಲ್ಲಿ ಮುರಿದುಕೊಳ್ಳಬೇಡಿ. ಹಬ್ಬದ ದಿನವೇ ಸಾಲ ವಸೂಲಿ ಮಾಡಿದ ಹಾಗೆ ಆಗುತ್ತದೆ. ಅದನ್ನು ತಿಂಗಳ ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಹಿಡಿದರಾಯಿತು.

ಹತ್ತು ದಿನ ಮೊದಲು ಅಂದೆನಲ್ಲ, ಅದಕ್ಕೂ ಕಾರಣವಿದೆ. ಮಕ್ಕಳ ಬಟ್ಟೆ, ಊರಿಗೆ ಹೋಗುವ ಟಿಕೆಟ್ ಎಲ್ಲ ಹಬ್ಬಕ್ಕೆ ಮುಂಚೆಯೇ ಆಗಬೇಕು. ಹಬ್ಬ ಹತ್ತಿರ ಬಂದಂತೆ ಖಾಸಗಿ ಬಸ್ಸಿನ ರೇಟು ಎಲ್ಲಿಗೆ ಏರುತ್ತದೆ ಅಂತ ನಿಮಗೂ ಗೊತ್ತು. ಬಲಿಪಾಡ್ಯಮಿ ದಿನ ಕೈಗೆ ಬಂದ ದುಡ್ಡಿನಿಂದ ಏನು ಪ್ರಯೋಜನ?

ಹಾಗೇ ಅವರ ದೊಡ್ಡ ಹಬ್ಬ ಯಾವುದು ಅಂತಲೂ ಒಮ್ಮೆ ಕೇಳಿ. ರಾಯಚೂರು, ಯಾದಗಿರಿ ಕಡೆಯಿಂದ ಬಂದವರಿಗೆ ನಾಗರ ಪಂಚಮಿಗೆ ತವರಿಗೆ ಹೋಗುವುದೇ ದೊಡ್ಡದು, ಇಲ್ಲವೇ ಊರ ಜಾತ್ರೆ. ಬಂಗಾಳದವರಿಗೆ ದುರ್ಗಾ ಪೂಜೆ. ರಂಜಾನ್, ಕ್ರಿಸ್‌ಮಸ್ ಆಚರಿಸುವವರೂ ಇದ್ದಾರೆ. ಅವರ ಹಬ್ಬಕ್ಕೇ ಕೊಟ್ಟರೆ ಅದೇ ದುಡ್ಡು ಇನ್ನೂ ಚೆನ್ನಾಗಿ ಬಳಕೆಯಾಗುತ್ತದೆ. ಜೊತೆಗೆ ಸಂಬಳ ಹಿಡಿಯದೆ ಎರಡು ಮೂರು ದಿನ ರಜೆ ಕೊಡಿ. ನಾವು ಎಣ್ಣೆ ಸ್ನಾನ ಮಾಡಿ ಕೂತಿರುವಾಗ ಅವರು ನಮ್ಮ ಪಾತ್ರೆ ತೊಳೆಯುತ್ತಿರಬೇಕಾ? ಆ ಮೂರು ದಿನ ನಾವೇ ತೊಳೆದುಕೊಂಡರೆ ಏನೂ ಆಗುವುದಿಲ್ಲ.

ಸೆಕ್ಯುರಿಟಿಯವರ ವಿಷಯ ಬೇರೆ. ಅವರು ಏಜೆನ್ಸಿ ಕಡೆಯಿಂದ ಬರುತ್ತಾರೆ. ನಾನು ಅಸೋಸಿಯೇಷನ್ ಕಮಿಟಿಯಲ್ಲಿದ್ದಾಗ ಏಜೆನ್ಸಿಯ ಬಿಲ್ ಬಿಡಿಸಿ ನೋಡಿದೆ. ಬೇಸಿಕ್, ಡಿಎ, ಪಿಎಫ್, ಇಎಸ್‌ಐ, ಅದರ ಕೆಳಗೆ "ಬೋನಸ್ 8.33%" ಅಂತ ಒಂದು ಸಾಲು, ಕೊನೆಗೆ ಸರ್ವಿಸ್ ಚಾರ್ಜ್. ಅಂದರೆ ಗಾರ್ಡ್‌ಗಳ ಬೋನಸ್ಸನ್ನು ನಾವು ಪ್ರತಿ ತಿಂಗಳೂ ಮೇಂಟೆನೆನ್ಸ್‌ನಲ್ಲಿ ಕಟ್ಟುತ್ತಲೇ ಇದ್ದೆವು. ಗೇಟಿನಲ್ಲಿದ್ದವರನ್ನು ಕೇಳಿದರೆ, ಬೋನಸ್ ಅಂತ ಒಂದು ರೂಪಾಯಿಯನ್ನೂ ನೋಡಿಲ್ಲ ಅಂದರು! ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಯಾರ ಯಾರ ಖಾತೆಗೆ ಎಷ್ಟು ಹಾಕಿದ್ದೀರಿ ಅನ್ನುವ ಪಟ್ಟಿ ಕೊಡಿ, ಆಮೇಲೆ ಮುಂದಿನ ಬಿಲ್ ಪಾಸ್ ಮಾಡುತ್ತೇವೆ ಅಂತ ಏಜೆನ್ಸಿಗೆ ಬರೆದೆವು. ಆ ತಿಂಗಳೇ ಎಲ್ಲರಿಗೂ ದುಡ್ಡು ಬಂತು. ಮಾರ್ಚ್‌ಗೆ ವರ್ಷ ಮುಗಿದರೆ ಎಂಟು ತಿಂಗಳೊಳಗೆ, ಅಂದರೆ ನವೆಂಬರ್ ಮುಗಿಯುವುದರೊಳಗೆ, ಬೋನಸ್ ಕೊಡಬೇಕು ಅನ್ನುವುದು ನಿಯಮ. ನಿಮ್ಮ ಕಮಿಟಿಯವರಿಗೆ ಹೇಳಿ ಈ ಸಾಲನ್ನು ಒಮ್ಮೆ ನೋಡಿಸಿ. ನೀವು ಒಬ್ಬರೇ 500 ರೂಪಾಯಿ ಕೊಡುವುದಕ್ಕಿಂತ ಇದರಿಂದ ಅವರಿಗೆ ಎಷ್ಟೋ ಪಟ್ಟು ಜಾಸ್ತಿ ಸಿಗುತ್ತದೆ.

ಅದರ ಮೇಲೆ ಹಬ್ಬದ ಖುಷಿಗೆ ಅಂತ ಎಲ್ಲ ಮನೆಯಿಂದ ಸೇರಿಸಿ ಹಂಚುವುದು ಒಳ್ಳೆಯದು. ನಮ್ಮಲ್ಲಿ ಮನೆಗೆ 1,000 ಅಂತ ಎತ್ತುತ್ತೇವೆ. ಒಬ್ಬೊಬ್ಬರೇ ಕೊಟ್ಟರೆ ಗೇಟಿನಲ್ಲಿ ಹಗಲು ನಿಂತು ಸೆಲ್ಯೂಟ್ ಹೊಡೆಯುವವರಿಗೇ ಎಲ್ಲ ಹೋಗುತ್ತದೆ. ರಾತ್ರಿ ಪಾಳಿಯವರು, ನೀರಿನ ಪಂಪ್ ನೋಡಿಕೊಳ್ಳುವವರು, ಬೇಸ್‌ಮೆಂಟಿನಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕದ (ಎಸ್‌ಟಿಪಿ) ಆಪರೇಟರ್, ಕಸ ಬೇರೆ ಮಾಡುವ ಹೆಂಗಸರು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮೆಲ್ಲರ ಸಂಡಾಸಿನ ನೀರು ಶುದ್ಧ ಮಾಡುವ ಮನುಷ್ಯನಿಗೆ ಹಬ್ಬದ ದಿನ ಒಬ್ಬರೂ ಒಂದು ಸ್ವೀಟ್ ಕೂಡ ಕೊಟ್ಟಿರುವುದಿಲ್ಲ. ಆ ವಾಸನೆಯಲ್ಲಿ ಹತ್ತು ನಿಮಿಷ ನಿಂತು ನೋಡಿ, ಅವರ ಹೆಸರು ಪಟ್ಟಿಯಲ್ಲಿ ಮೊದಲು ಬರಬೇಕು ಅನ್ನಿಸುತ್ತದೆ. ಹಾಜರಾತಿ ಪುಸ್ತಕ ನೋಡಿಯೇ ಪಟ್ಟಿ ಮಾಡಿ, ಆಗ ಯಾರೂ ಬಿಟ್ಟುಹೋಗುವುದಿಲ್ಲ.

ಉಳಿದವರಿಗೆ ನಾನು ಕೊಡುವುದು ಹೀಗೆ. ಪೇಪರ್ ಹಾಕುವ ಹುಡುಗನಿಗೆ, ಹಾಲಿನವರಿಗೆ 200. ಇಸ್ತ್ರಿಯವರಿಗೆ ತಿಂಗಳಿಗೆ ಆಗುವ ಬಿಲ್ಲಿನಷ್ಟು. ಕಸದ ಆಟೋದಲ್ಲಿ ಬರುವ ಇಬ್ಬರಿಗೂ ಬೇರೆ ಬೇರೆ, ತಲಾ 300. ಒಬ್ಬರ ಕೈಗೆ ಕೊಟ್ಟು ಹಂಚಿಕೊಳ್ಳಿ ಅನ್ನುವುದಿಲ್ಲ. ಡ್ರೈವರ್ ಇದ್ದರೆ ಆಯುಧ ಪೂಜೆಗೇ ಕೊಟ್ಟುಬಿಡುತ್ತಾರೆ ಹೆಚ್ಚಿನವರು, ಅವರಿಗೂ ಒಂದು ತಿಂಗಳ ಲೆಕ್ಕವೇ ಸರಿ. ಹಬ್ಬದ ದಿನ ಊಟ ತರಿಸಿದರೆ ತಂದುಕೊಟ್ಟವರ ಕೈಗೆ 50 ರೂಪಾಯಿ. ಇವೆಲ್ಲ ನಿಮ್ಮ ಅನುಕೂಲ ನೋಡಿಕೊಂಡು ಹೆಚ್ಚು ಕಮ್ಮಿ ಮಾಡಿಕೊಳ್ಳಿ, ತಪ್ಪಿಲ್ಲ. ಕೈ ಬಿಗಿ ಇರುವ ವರ್ಷ ಇವುಗಳಲ್ಲಿ ಕಮ್ಮಿ ಮಾಡಿ, ಮನೆಕೆಲಸದವರ ಒಂದು ತಿಂಗಳಿಗೆ ಕೈ ಹಾಕಬೇಡಿ.

ನಿಮ್ಮ ಅಡುಗೆಯವರು ಸೇರಿ ಮೂರೇ ತಿಂಗಳು ಅಂದಿರಲ್ಲ. ಲೆಕ್ಕದ ಪ್ರಕಾರ ಹನ್ನೆರಡರಲ್ಲಿ ಮೂರು, ಅಂದರೆ ತಿಂಗಳ ಸಂಬಳದ ಕಾಲು ಭಾಗ. 8,000 ಸಂಬಳವಾದರೆ 2,000. ನಾನಾದರೆ ಅರ್ಧ ತಿಂಗಳದ್ದು ಕೊಡುತ್ತೇನೆ. ಅವರು ಬಿಟ್ಟುಬಂದ ಮನೆಯವರು ಉಳಿದ ಒಂಬತ್ತು ತಿಂಗಳದ್ದನ್ನು ಕರೆದು ಕೊಡುವುದಿಲ್ಲ, ಅಲ್ವಾ?