ಕಪ್ಪೆ ಲೇಖನದಲ್ಲಿ ಕಪ್ಪೆ ಬರೋದು ಮೂರನೇ ಪುಟಕ್ಕಾ?

ನಮಸ್ಕಾರ, ನೀವು ಕಳಿಸಿದ ನೆಲಗಪ್ಪೆ ಲೇಖನ ಎರಡು ಸಲ ಓದಿದೆ. ಬೇಜಾರ್ ಮಾಡ್ಕೋಬೇಡಿ, ಈಗಿರೋ ಹಾಗೆ ಹಾಕೋಕಾಗಲ್ಲ. ಮೊದಲ ಎರಡು ಪುಟ ಪೂರ್ತಿ ಪ್ರಕೃತಿ ಮಾತೆ, ಮಳೆಗಾಗಿ ಕಪ್ಪೆ ಮದುವೆ, ರೈತನ ಮಿತ್ರ ಅಂತ ಸ್ಕೂಲ್ ಭಾಷಣ ಸ್ಪರ್ಧೆ ಥರ ಹೋಗುತ್ತೆ, ಕಪ್ಪೆ ಪತ್ತೇನೇ ಇಲ್ಲ. ಮೂರನೇ ಪುಟದಲ್ಲಿ ಒಂದೇ ಒಂದು ಪ್ಯಾರಾ ಇದೆ ನೋಡಿ, ಅಜ್ಜಿಮನೆ ಬಚ್ಚಲ ಲೈಟ್ ಕೆಳಗೆ ದಿನಾ ರಾತ್ರಿ ಬಂದು ಕೂರೋ ಕಪ್ಪೆ, ರೆಕ್ಕೆ ಬಂದ ಗೆದ್ದಲು ನುಂಗ್ವಾಗ "ರುಚಿಗೆ ಕಣ್ಣು ಮುಚ್ಕೊಳ್ಳೋದು". ಅಯ್ಯೋ ಮಾರಾಯ್ರೆ, ಲೇಖನ ಶುರುವಾಗ್ಬೇಕಾದ್ದೇ ಅಲ್ಲಿಂದ!

ಆದ್ರೆ ಅದು ರುಚಿಗಲ್ಲ. ನೆಲಗಪ್ಪೆಗೆ ಹಲ್ಲೇ ಇಲ್ಲ, ಅಗಿಯೋ ಮಾತೇ ಇಲ್ಲ, ನುಂಗ್ವಾಗ ಕಣ್ಣುಗುಡ್ಡೆಗಳು ಒಳಗಿಳಿದು ಬಾಯಿಯ ಮೇಲ್ಭಾಗದಿಂದ ಒತ್ತಿ ಹುಳಾನ ಗಂಟಲಿಗೆ ತಳ್ಳೋಕೆ ಸಹಾಯ ಮಾಡ್ತವೆ, ಅಂದ್ರೆ ಕಣ್ಣಲ್ಲೇ ನುಂಗುತ್ತೆ ಅನ್ನಿ. ಇದನ್ನ ನೀವು ಕಣ್ಣಾರೆ ನೋಡಿದೀರಿ, ಕಾರಣ ಮಾತ್ರ ತಪ್ಪು ಬರ್ದಿದೀರಿ. ಹಾಗೇ ಅದು ಒದ್ದೆ ಕಲ್ಲಿಗೆ ಹೊಟ್ಟೆ ಅಂಟಿಸ್ಕೊಂಡು ಕೂತಿರುತ್ತೆ ಅಂತ ಬರೆದು ಅಲ್ಲಿಗೇ ಬಿಟ್ಟಿದೀರಿ. ಅದು ಬಾಯಲ್ಲಿ ನೀರು ಕುಡಿಯಲ್ಲ ರೀ, ಹೊಟ್ಟೆ ಕೆಳಗಿನ ಚರ್ಮದಿಂದಾನೇ ಹೀರ್ಕೊಳ್ಳುತ್ತೆ!

ಇನ್ನು ತಪ್ಪುಗಳು. ಮುಟ್ಟಿದ್ರೆ ನರಹುಲಿ ಆಗುತ್ತೆ ಅನ್ನೋದು ಸುಳ್ಳು, ನರಹುಲಿ ಬರೋದು ವೈರಸ್‌ನಿಂದ. ಕಣ್ಣಿನ ಹಿಂದೆ ಹುರುಳಿಕಾಳಿಗಿಂತ ಎಷ್ಟೋ ದಪ್ಪ ಉಬ್ಬಿರೋ ಗ್ರಂಥಿ ಇದೆಯಲ್ಲ, ವಿಷ ಹೆಚ್ಚಾಗಿ ಇರೋದು ಅದ್ರಲ್ಲಿ, ನಾಯಿ ಈ ಕಪ್ಪೇನ ಕಚ್ಚಿದ್ರೆ ಹಾಲಿನಂಥ ದ್ರವ ಬಂದು ನಾಯಿ ಬಾಯಲ್ಲಿ ನೊರೆ ಕಾರುತ್ತೆ (ನಮ್ಮನೆ ನಾಯಿ ಒಂದು ಸಲ ಕಲಿತು ಆಮೇಲೆ ಕಪ್ಪೆ ಕಂಡ್ರೆ ಸುತ್ತು ಹಾಕ್ಕೊಂಡು ಹೋಗ್ತಿತ್ತು). ನೀವು ಬರೆದ ಹಾಗೆ ಮೊಟ್ಟೆ ನೊರೆಗೂಡಲ್ಲಿ ಇಡೋದು ಇದಲ್ಲ, ಕೆಲವು ಮರಗಪ್ಪೆಗಳು. ಇದರದ್ದು ಲೋಳೆಯ ಉದ್ದ ದಾರ, ಒಳಗೆ ಕಪ್ಪು ಮಣಿ ಪೋಣಿಸಿದ ಹಾಗೆ ಮೊಟ್ಟೆ, ನೀರಿನ ಗಿಡಕ್ಕೆ ಸುತ್ಕೊಂಡಿರುತ್ತೆ, ಗೊದಮೊಟ್ಟೆಗಳೂ ಕಪ್ಪೇ. ನೀವು ಹಾಕಿರೋ ಬ್ಯೂಫೋ ಅನ್ನೋದು ಹಳೇ ವೈಜ್ಞಾನಿಕ ಹೆಸರು, 2006ರಿಂದ ಇದು ದತ್ತಾಫ್ರೈನಸ್ ಮೆಲನೊಸ್ಟಿಕ್ಟಸ್, ನಮ್ಮ ದೇಶದ ಕಪ್ಪೆ ವಿಜ್ಞಾನಿ ಸುಶೀಲ್ ಕುಮಾರ್ ದತ್ತ ಅವರ ಹೆಸರು ಅದ್ರಲ್ಲಿದೆ, ಒಂದು ಸಾಲು ಹಾಕಿ.

"ಅಳಿವಿನಂಚಿನಲ್ಲಿದೆ" ಅಂತ ಕೊನೇಲಿ ಓದುಗರನ್ನ ಅಳಿಸೋಕೆ ಹೋಗಿದೀರಿ, ಬೇಡ. ಪಶ್ಚಿಮ ಘಟ್ಟದ ಮರ ಹತ್ತೋ ನೆಲಗಪ್ಪೆ ಬಗ್ಗೆ ಹಾಗಂದ್ರೆ ಒಪ್ತಿದ್ದೆ, ಇದು ಊರು ತುಂಬ ಇದೆ. ಮಡಗಾಸ್ಕರ್‌ನ ಬಂದರು ಊರಲ್ಲಿ ಸೇರ್ಕೊಂಡು, 2014ರಲ್ಲಿ ಸುದ್ದಿ ಹೊರಬಿದ್ದಾಗಿಂದ ಅಲ್ಲಿಯವರಿಗೆ ತಲೆನೋವಾಗಿದೆ, ಯಾಕಂದ್ರೆ ಇದನ್ನ ತಿನ್ನೋ ಅಲ್ಲಿನ ಪ್ರಾಣಿಗಳಿಗೆ ಈ ವಿಷದ ಅಭ್ಯಾಸಾನೇ ಇಲ್ಲ.

ಮೊದಲೆರಡು ಪುಟ ಕಿತ್ತಾಕಿ. ಅಜ್ಜಿಮನೆಗೆ ಹೋಗಿ ನಾಲ್ಕು ರಾತ್ರಿ ಬಚ್ಚಲ ಹತ್ರ ಕೂತು ಟೈಮ್ ಹಾಕಿ ನೋಟ್ ಮಾಡ್ಕೊಂಡು ಬಂದು ಮತ್ತೆ ಬರೀರಿ, ಎರಡೇ ಪುಟ ಸಾಕು. ಫೋಟೋನೂ ಅಲ್ಲೇ ತೆಗೀರಿ, ಕಣ್ಣಿನ ಸುತ್ತ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಏಣು ಕಾಣ್ಬೇಕು. ಈಗ ಕಳಿಸಿರೋ ಹಳದಿ ಬಣ್ಣದ, ನೀಲಿ ಗಂಟಲ ಚೀಲದ್ದು ನೆಲಗಪ್ಪೆ ಅಲ್ವೇ ಅಲ್ಲ, ಮಳೆಗಾಲದಲ್ಲಿ ಗದ್ದೇಲಿ ಕೂಗೋ ಗಂಡು ಬುಲ್‌ಫ್ರಾಗ್ ಅದು.