ಸಂಬಳದಲ್ಲಿ ಅರ್ಧ ಡೇ ಕೇರ್‌ಗೇ ಹೋದರೆ ಕೆಲಸ ಬಿಡುವುದೇ ವಾಸಿ ಅಲ್ವಾ?

16 ಸಾವಿರ ಸಂಬಳ, 8 ಸಾವಿರ ಡೇ ಕೇರ್, ಉಳಿದ 8 ಸಾವಿರಕ್ಕೆ ತುಮಕೂರಿಂದ ದಿನಾ ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಯಾಕೆ ಅಲೆಯಬೇಕು ಅಂತ ಕೇಳಿದ್ದೀರಿ. ಇದೇ ಲೆಕ್ಕವನ್ನು 2016ರಲ್ಲಿ ನಾನೂ ಹಾಕಿದ್ದೆ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಹಾಳೆಯ ಹಿಂದೆ.

ಆಗ ಪೀಣ್ಯದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿದ್ದೆ. ಹಾಜರಿ, ಓಟಿ, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಾರ್ಡು, ಪಿಎಫ್ (ಭವಿಷ್ಯ ನಿಧಿ) ಫಾರಂ ಎಲ್ಲ ನನ್ನ ಮೇಜಿನ ಮೇಲೇ. ಸೇರಿದ್ದು 2012ರ ಫೆಬ್ರವರಿಯಲ್ಲಿ. 2015ರ ಡಿಸೆಂಬರ್‌ನಲ್ಲಿ ಮಗಳು ಹುಟ್ಟಿದಳು. ಆಗೆಲ್ಲ ಹೆರಿಗೆ ರಜೆ 12 ವಾರ ಅಷ್ಟೇ. ಅದು 26 ವಾರ ಆಗಿದ್ದು 2017ರಲ್ಲಿ. ರಜೆ ಮುಗಿದ ಮೇಲೆ ಅಮ್ಮ ತಿಪಟೂರಿಂದ ಬಂದು ಮೂರು ತಿಂಗಳು ಇದ್ದರು. ತೋಟ, ಹಸು ಬಿಟ್ಟು ಎಷ್ಟು ದಿನ ಅಂತ ಇರುತ್ತಾರೆ? ಹೊರಟರು.

ಫ್ಯಾಕ್ಟರಿಯಲ್ಲೇ ಶಿಶುಪಾಲನಾ ಕೇಂದ್ರ ಇರಲಿಲ್ವಾ ಅಂತೀರಾ? ಇತ್ತು. 30ಕ್ಕಿಂತ ಜಾಸ್ತಿ ಹೆಂಗಸರಿರುವ ಕಾರ್ಖಾನೆಯಲ್ಲಿ ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ನಮ್ಮಲ್ಲಿ 600 ಹೆಂಗಸರು. ಐರನಿಂಗ್ ಸೆಕ್ಷನ್ ಗೋಡೆಯಾಚೆ ಒಂದು ಕೋಣೆ, ಎರಡು ತೊಟ್ಟಿಲು, ಒಬ್ಬರು ಆಯಾ. ಮಧ್ಯಾಹ್ನ ಆದರೆ ಗೋಡೆ ಮುಟ್ಟೋಕಾಗುತ್ತಿರಲಿಲ್ಲ, ಅಷ್ಟು ಬಿಸಿ. ರಿಜಿಸ್ಟರಿನಲ್ಲಿ 14 ಮಕ್ಕಳು, ಕೋಣೆಯಲ್ಲಿ ಮೂರು. ಆ 14 ಹೆಸರು ಬರೆಯುತ್ತಿದ್ದವಳು ನಾನೇ. ಬರೆಯೋಕೆ ಏನೂ ಅನ್ನಿಸಿರಲಿಲ್ಲ, ನನ್ನ ಮಗಳನ್ನು ಅಲ್ಲಿ ಬಿಡೋಕೆ ಮಾತ್ರ ಮನಸ್ಸು ಬರಲಿಲ್ಲ.

ಸರಿ, ಕ್ಯಾಲೆಂಡರ್ ಲೆಕ್ಕಕ್ಕೆ ಬರ್ತೀನಿ. ಕೈಗೆ ಬರುತ್ತಿದ್ದದ್ದು 13,200. ಡೇ ಕೇರ್ 6,500. ಓಡಾಟ, ಸಂಜೆ ತಡವಾದರೆ ಅವರು ಕೇಳುವ ಎಕ್ಸ್‌ಟ್ರಾ ಎಲ್ಲ ಸೇರಿ 8 ಸಾವಿರ. ಉಳಿದದ್ದು 5,200. "ಇಷ್ಟಕ್ಕೆ ಯಾಕೆ ಒದ್ದಾಡ್ತೀಯ, ಬಿಟ್ಬಿಡು" ಅಂದರು ನಮ್ಮ ಯಜಮಾನರು. ಪ್ರೀತಿಯಿಂದಲೇ ಅಂದಿದ್ದು. ಜೂನ್‌ನಲ್ಲಿ ರಾಜೀನಾಮೆ ಕೊಟ್ಟೆ.

ತಪ್ಪಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಡೇ ಕೇರ್ ದುಡ್ಡನ್ನು ನನ್ನ ಸಂಬಳದಿಂದ ಮಾತ್ರ ಕಳೆದೆ. ಮನೆ ಬಾಡಿಗೆಯನ್ನು ಹಾಗೆ ಕಳೀತೀವಾ? ಸಿಲಿಂಡರ್, ಕರೆಂಟು ಬಿಲ್ಲು? ಮಗು ಇಬ್ಬರದು, ನೋಡಿಕೊಳ್ಳುವ ಖರ್ಚು ಮಾತ್ರ ಅಮ್ಮಂದು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ಹಾಗೆ ಬರೆದುಕೊಂಡೆ. ಯಜಮಾನರ 22 ಸಾವಿರ ಸಂಬಳ ಆ ಹಾಳೆ ಮೇಲೆ ಬರಲೇ ಇಲ್ಲ. ಸೇರಿಸಿದ್ದರೆ 35,200. ಅದರಲ್ಲಿ 8 ಸಾವಿರ ಅಂದರೆ ಕಾಲು ಭಾಗಕ್ಕೂ ಕಡಿಮೆ. ಅದೇ ಮನೆ, ಅದೇ ದುಡ್ಡು. ಎರಡು ಸಂಬಳ ಒಟ್ಟಿಗೆ ಬರೆದಿದ್ದರೆ ಕೆಲಸ ಬಿಡುವ ಮಾತೇ ಏಳುತ್ತಿರಲಿಲ್ಲ ಅನ್ನಿಸುತ್ತೆ.

ಮತ್ತೆ, ಕೈಗೆ ಬಂದಿದ್ದಷ್ಟೇ ಸಂಬಳ ಅಂದುಕೊಂಡೆ. ಪಿಎಫ್‌ಗೆ ಅಂತ ಬೇಸಿಕ್ ಸಂಬಳದ 12 ಪರ್ಸೆಂಟ್ ನನ್ನಿಂದ ಹಿಡಿದರೆ ಕಂಪನಿಯೂ ಅಷ್ಟೇ ಹಾಕುತ್ತಿತ್ತು. ಇಎಸ್‌ಐ ಇದ್ದಿದ್ದರಿಂದ ಮಗಳ ಔಷಧಿಗೂ ದುಡ್ಡಿಲ್ಲ. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟಿಗೆ, ಐದು ವರ್ಷ ತುಂಬಬೇಕು, ನನಗಾಗಿದ್ದು ನಾಲ್ಕು ವರ್ಷ ನಾಲ್ಕು ತಿಂಗಳು. ಇನ್ನು ಎಂಟು ತಿಂಗಳು! ಬೇರೆಯವರು ಬಿಡುವಾಗ "ಅಕ್ಕ, ಐದು ವರ್ಷ ತುಂಬಿಸಿ ಹೋಗಿ" ಅಂತಿದ್ದವಳು ನಾನು.

ಪಿಎಫ್ ಕತೆ ಹೇಳಿಕೊಳ್ಳೋಕೆ ಇನ್ನೂ ನಾಚಿಕೆ. ಕಂಪನಿ ಪಾಲಿನ ಪಿಎಫ್ ಅನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂತ ಆ ವರ್ಷ ಹೊಸ ನಿಯಮ ಬಂತು. ಏಪ್ರಿಲ್ 18, 19ಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದರು. ಹೊಸೂರು ರಸ್ತೆ, ತುಮಕೂರು ರಸ್ತೆ ಬಂದ್. ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ನಾನು ಖಾಲಿ ಹೊಲಿಗೆ ಲೈನ್‌ಗಳ ಹಾಜರಿ ಹಾಕುತ್ತಾ ಕೂತಿದ್ದೆ. ನಾಲ್ಕು ತಿಂಗಳು ಕಳೆದ ಮೇಲೆ ಪಿಎಫ್ ತೆಗೆಯುವ ಫಾರಂ 19ರ ಜೊತೆ ಪಿಂಚಣಿ ದುಡ್ಡಿನ ಫಾರಂ 10ಸಿ ಕೂಡ ತುಂಬಿ ದುಡ್ಡು ತೆಗೆದೆ. ಒಂದು ಫ್ರಿಜ್ ಬಂತು. 10ಸಿಯಲ್ಲಿ ಪಿಂಚಣಿ ದುಡ್ಡು ತೆಗೆದರೆ ಅಷ್ಟು ವರ್ಷದ ಸರ್ವೀಸೂ ಅಳಿಸಿಹೋಗುತ್ತೆ. ಪಿಂಚಣಿಗೆ 10 ವರ್ಷ ಬೇಕು. ಮತ್ತೆ ಕೆಲಸ ಸಿಕ್ಕಿದ್ದು 2021ರ ಅಕ್ಟೋಬರ್‌ನಲ್ಲಿ, ಲೆಕ್ಕ ಸೊನ್ನೆಯಿಂದ ಶುರು. 2027ರ ಜೂನ್‌ಗೆ ತುಂಬಬೇಕಿದ್ದ ಹತ್ತು ವರ್ಷ ಈಗ 2031ಕ್ಕೆ ಹೋಗಿದೆ.

ಆ ಕೆಲಸದ ಸಂಬಳ 12,500. ನಾನೇ ಕೆಲಸ ಕಲಿಸಿದ್ದ ಹುಡುಗಿಗೆ ಅಷ್ಟರಲ್ಲಿ 27 ಸಾವಿರ. ಇಂಟರ್‌ವ್ಯೂನಲ್ಲಿ "ಐದು ವರ್ಷ ಸುಮ್ನೆ ಇದ್ರಾ?" ಅಂದರು. ಸುಮ್ನೆ!

ಹಾಗಾಗಿ "ಬಿಡಲಾ ಬೇಡವಾ" ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. 8 ಸಾವಿರದಲ್ಲಿ ನಿಮ್ಮವರು ಎಷ್ಟು ಕೊಡುತ್ತಾರೆ ಅಂತ ಮೊದಲು ಕೇಳಿ. ಅತ್ತೆಯವರನ್ನು ಕರೆಸೋಣ ಅಂತಲೂ ಬರೆದಿದ್ದೀರಿ. ಪುಕ್ಕಟೆ ಅಂದುಕೊಂಡು ಕರೆಸಬೇಡಿ. ಮಂಡಿನೋವಿರುವವರು ಎರಡು ವರ್ಷದ ಮಗು ಹಿಂದೆ ಓಡೋಕಾಗಲ್ಲ.

ನಿಮ್ಮ ಕಂಪನಿಯಲ್ಲಿ 200 ಜನ ಇದ್ದಾರೆ ಅಂದಿರಿ. 50 ಜನ ಇದ್ದರೇ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಬಹುದು ಅಂತ 2017ರಲ್ಲೇ ಹೆರಿಗೆ ಸೌಲಭ್ಯ ಕಾಯ್ದೆಗೆ ಸೇರಿಸಿದ್ದಾರೆ. ಎಚ್‌ಆರ್ ಹತ್ತಿರ ಒಬ್ಬರೇ ಹೋಗಬೇಡಿ. ಐದಾರು ಜನ ಸೇರಿ ಬರೆದುಕೊಡಿ. ಒಬ್ಬಳೇ ಬಂದರೆ ಆ ಅರ್ಜಿ ಯಾವ ಡ್ರಾಯರಿಗೆ ಹೋಗುತ್ತೆ ಅಂತ ಟೈಮ್ ಆಫೀಸಿನಲ್ಲಿದ್ದ ನನಗೆ ಗೊತ್ತು. ಊರಲ್ಲಿ ನನ್ನ ನಾದಿನಿ ಮಗು ಪಂಚಾಯ್ತಿಯ 'ಕೂಸಿನ ಮನೆ' ಅನ್ನೋ ಶಿಶುಪಾಲನಾ ಕೇಂದ್ರಕ್ಕೆ ಹೋಗುತ್ತೆ. ಅದು ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರಿಗೆ ಅಂತ ಮಾಡಿದ್ದು, ಸಿಟಿಯಲ್ಲಿರುವ ನಿಮಗೆ ಸಿಗಲ್ಲ.

ನಿಮ್ಮ ಮಗುವಿಗೆ ಎರಡು ವರ್ಷ ಎರಡು ತಿಂಗಳು. ಮೂರು ತುಂಬಿದರೆ ಅಂಗನವಾಡಿಗೆ ಸೇರಿಸಬಹುದು. ಅಲ್ಲಿಂದ ಕರೆದುಕೊಂಡು ಬಂದು ಸಂಜೆ ನೀವು ಬರುವವರೆಗೆ ನೋಡಿಕೊಳ್ಳುವವರು ಸಿಕ್ಕರೆ ಸಾಕು. ಅಂದರೆ ಪೂರ್ತಿ ದಿನದ ಡೇ ಕೇರ್ ಇನ್ನು ಹತ್ತೇ ತಿಂಗಳು, 80 ಸಾವಿರ. ಅರ್ಧ ನಿಮ್ಮವರದು ಅಂದರೆ ನಿಮ್ಮ ಪಾಲಿಗೆ 40. ಇವತ್ತು ರಾತ್ರಿ ಪಿಎಫ್ ಪಾಸ್‌ಬುಕ್ ತೆಗೆದು ಎಷ್ಟು ವರ್ಷ ಆಗಿದೆ ನೋಡಿ, ಕೆಳಗೆ ಬರೆಯಿರಿ. 10ಸಿ ಮಾತ್ರ ಮುಟ್ಟಬೇಡಿ.