ಲಾಯಕ್ಕೆ ಬೆಂಕಿ ಬೀಳದಂತೆ: ಹುಲ್ಲು, ವೈರು, ಚಿಲಕ

ಕುದುರೆ ಸಾಕುವವರಿಂದ ಬಂದ ನಾಲ್ಕು ಪತ್ರಗಳು ಒಂದೇ ಭಯವನ್ನು ಕುರಿತು ಇದ್ದುದರಿಂದ ಈ ಬಾರಿ ಅವಕ್ಕೆ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಮೊದಲನೆಯ ಪತ್ರ ಕಾಯುವಂಥದ್ದಾಗಿರಲಿಲ್ಲ. ಅದನ್ನು ಬರೆದವರಿಗೆ ಅಂದೇ ಫೋನಿನಲ್ಲಿ ಉತ್ತರ ಹೇಳಿದ್ದೇನೆ. ಅದೇ ಸ್ಥಿತಿಯಲ್ಲಿ ಇರಬಹುದಾದ ಇತರರಿಗಾಗಿ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಪ್ರಶ್ನೆ: ನಮ್ಮಲ್ಲಿ ಎಂಟು ಕುದುರೆಗಳಿವೆ. ಲಾಯದ ಅಟ್ಟದಲ್ಲೇ ಒಣಹುಲ್ಲು ಪೇರಿಸಿಡುತ್ತೇವೆ. ಈ ಸಲ ಹುಲ್ಲು ಚೆನ್ನಾಗಿ ಒಣಗುವ ಮುನ್ನವೇ ಮೋಡ ಕವಿದದ್ದರಿಂದ ಅವಸರದಲ್ಲಿ ಪೆಂಡಿ ಕಟ್ಟಿಸಿದೆವು. ಹತ್ತು ದಿನವಾಗಿದೆ. ಪೆಂಡಿಗಳ ಸಂದಿಗೆ ಕೈ ಹಾಕಿದರೆ ಬೆಚ್ಚಗಿದೆ, ಅಟ್ಟ ಹತ್ತಿದರೆ ಸಕ್ಕರೆ ಸುಟ್ಟಂಥ ಸಿಹಿ ವಾಸನೆ ಬರುತ್ತಿದೆ. ಹೊಸ ಹುಲ್ಲು ಹೀಗೆಯೇ ಇರುತ್ತದೆ ಎಂದು ಕೆಲಸದವರು ಹೇಳುತ್ತಾರೆ. ಹೆದರಬೇಕೇ?

ಉತ್ತರ: ಹೆದರಲೇಬೇಕು. ಮೊದಲು ಆ ಅಟ್ಟದ ಕೆಳಗಿರುವ ಕುದುರೆಗಳನ್ನೆಲ್ಲ ದೂರದ ಬಯಲಿಗೆ ಸಾಗಿಸಿ, ಉಳಿದ ವಿಚಾರ ಆಮೇಲೆ.

ನಿಮ್ಮ ಕೆಲಸದವರು ಹೇಳಿದ್ದು ಅರ್ಧ ಸತ್ಯ. ಕೊಯ್ದ ಹುಲ್ಲಿನಲ್ಲಿ ಸ್ವಲ್ಪ ದಿನ ಜೀವ ಇದ್ದೇ ಇರುತ್ತದೆ. ಅದು ಉಸಿರಾಡುತ್ತದೆ, ಅದರ ಮೇಲಿನ ಸೂಕ್ಷ್ಮಜೀವಿಗಳು ಅದರ ಸಕ್ಕರೆಯನ್ನು ತಿನ್ನುತ್ತವೆ, ಎರಡರಿಂದಲೂ ಶಾಖ ಹುಟ್ಟುತ್ತದೆ. ತೇವಾಂಶ ಶೇ 20ರೊಳಗೆ ಇದ್ದರೆ ಈ ಶಾಖ ಕೆಲವು ದಿನಗಳಲ್ಲಿ ಆರಿಹೋಗುತ್ತದೆ. ಅದಕ್ಕಿಂತ ಹಸಿಯಾದ ಹುಲ್ಲನ್ನು ಬಿಗಿಯಾಗಿ ಕಟ್ಟಿ ಒಂದರ ಮೇಲೊಂದು ಒತ್ತಿ ಪೇರಿಸಿದಾಗ ಮಾತ್ರ ನಡುವಿನ ಶಾಖಕ್ಕೆ ಹೊರದಾರಿ ಇರುವುದಿಲ್ಲ. ಸುಮಾರು 70 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟರಲ್ಲಿ ಸೂಕ್ಷ್ಮಜೀವಿಗಳೇ ಬಹುಪಾಲು ಸಾಯುತ್ತವೆ, ಆದ್ದರಿಂದ ಬಿಸಿ ಅಲ್ಲಿಗೆ ನಿಲ್ಲಬೇಕಲ್ಲವೇ ಎಂದು ಅನೇಕರು ಕೇಳುತ್ತಾರೆ. ನಿಲ್ಲುವುದಿಲ್ಲ. ಅಷ್ಟರಲ್ಲಿ ಹುಲ್ಲಿನ ಸಕ್ಕರೆ ಮತ್ತು ಪ್ರೋಟೀನುಗಳ ನಡುವೆ ರಾಸಾಯನಿಕ ಕ್ರಿಯೆ ಶುರುವಾಗಿರುತ್ತದೆ; ಅದಕ್ಕೆ ಯಾವ ಜೀವಿಯೂ ಬೇಕಿಲ್ಲ, ಅದು ತನ್ನ ಬಿಸಿಯಿಂದ ತಾನೇ ವೇಗ ಪಡೆಯುತ್ತದೆ. ನೀವು ಬರೆದ ಸುಟ್ಟ ಸಕ್ಕರೆಯ ವಾಸನೆ ಆ ಕ್ರಿಯೆಯದೇ. ಯಾರೂ ಸಿಗರೇಟು ಎಸೆಯದೆ, ಒಂದು ಕಿಡಿಯೂ ಹಾರದೆ ಬಣವೆ ಹೊತ್ತಿಕೊಳ್ಳುವುದು ಹೀಗೆ. ಪೇರಿಸಿದ ಎರಡನೆಯ ವಾರದಿಂದ ಆರನೆಯ ವಾರದವರೆಗೆ ಈ ಅಪಾಯ ಹೆಚ್ಚು. ಹತ್ತನೆಯ ದಿನದಲ್ಲಿರುವ ನೀವು ಅದರ ಹೊಸ್ತಿಲಲ್ಲಿದ್ದೀರಿ.

ಕೈ ಹಾಕಿ ನೋಡುವುದನ್ನು ನೆಚ್ಚಿಕೊಳ್ಳಬೇಡಿ. ಕೈ ತಲುಪುವುದು ಬಣವೆಯ ಹೊರಮೈಯನ್ನು ಮಾತ್ರ, ಕೆಂಡವಾಗುವುದು ಅದರ ಹೊಟ್ಟೆ. ಎರಡು ಮೀಟರಿಗಿಂತ ಉದ್ದದ ಕಬ್ಬಿಣದ ಪೈಪು ತೆಗೆದುಕೊಂಡು, ಒಂದು ತುದಿಯನ್ನು ಬಡಿದು ಚೂಪಾಗಿಸಿ, ಆ ತುದಿಯಿಂದ ಒಂದು ಅಡಿಯವರೆಗೆ ಅಲ್ಲಲ್ಲಿ ಸಣ್ಣ ತೂತುಗಳನ್ನು ಕೊರೆಯಿಸಿ. ಅದನ್ನು ಬಣವೆಯ ನಡುವಿಗೆ ಮುಟ್ಟುವಂತೆ ಚುಚ್ಚಿ, ಸಣ್ಣ ತಂತಿಗೆ ಕಟ್ಟಿದ ಥರ್ಮಾಮೀಟರನ್ನು ಒಳಗೆ ಇಳಿಬಿಟ್ಟು, ಹದಿನೈದು ನಿಮಿಷ ಕಾದು ಮೇಲೆತ್ತಿ ನೋಡಿ. ಒಂದೇ ಕಡೆ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ, ಏಕೆಂದರೆ ಒಂದು ಹಸಿ ಪೆಂಡಿಯ ಸುತ್ತ ಮಾತ್ರ ಕುದಿಯುತ್ತಿದ್ದು ಎರಡು ಮಾರು ಆಚೆ ತಣ್ಣಗಿರುವುದು ಸಾಮಾನ್ಯ. ಈ ಕೆಲಸಕ್ಕೆ ಒಬ್ಬರೇ ಹೋಗಬಾರದು. ಒಳಗೊಳಗೇ ಸುಟ್ಟು ಪೊಳ್ಳಾದ ಬಣವೆಯ ಮೇಲೆ ಕಾಲಿಟ್ಟರೆ ಕುಸಿದು ಕೆಂಡದೊಳಗೆ ಬೀಳುವ ಸಂಭವವಿದೆ; ಹಲಗೆ ಹಾಸಿ ಅದರ ಮೇಲೆ ನಡೆಯಿರಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅದರ ತುದಿಯನ್ನು ಹೊರಗೆ ನಿಂತವರ ಕೈಗೆ ಕೊಡಿ.

ಥರ್ಮಾಮೀಟರು 50 ಡಿಗ್ರಿಯೊಳಗೆ ತೋರಿಸಿದರೆ ದಿನಕ್ಕೊಮ್ಮೆ ನೋಡುತ್ತಿದ್ದರೆ ಸಾಕು. 55 ದಾಟಿದರೆ ದಿನಕ್ಕೆ ಎರಡು ಸಲ ನೋಡಬೇಕು. 65 ಆದರೆ ಗಾಳಿಯಾಡುವಂತೆ ಪೆಂಡಿಗಳನ್ನು ಹೊರಗೆ ತೆಗೆದು ಬಿಡಿಬಿಡಿಯಾಗಿ ಹರಡಬೇಕು, ಆ ಹೊತ್ತಿಗೆ ನೀರಿನ ಪೈಪು ಕೈಯಳತೆಯಲ್ಲಿರಬೇಕು. 70 ಮೀರಿತೆಂದರೆ ಅಗ್ನಿಶಾಮಕ ದಳಕ್ಕೆ ತಿಳಿಸಿಯೇ ಮುಂದುವರಿಯಿರಿ. 80ರ ಆಸುಪಾಸಿನಲ್ಲಿದ್ದರೆ ಒಂದು ಪೆಂಡಿಯನ್ನೂ ಅಲುಗಾಡಿಸಬೇಡಿ. ಆ ಬಿಸಿಯ ಹುಲ್ಲಿಗೆ ಕೊರತೆ ಇರುವುದು ಗಾಳಿಯದು ಮಾತ್ರ, ಬಣವೆ ಬಿಚ್ಚಿದವರು ಅದನ್ನೂ ಒದಗಿಸಿದಂತಾಗುತ್ತದೆ. ಎಳೆದ ಪೆಂಡಿ ಕೈಯಲ್ಲೇ ಹೊತ್ತಿಕೊಳ್ಳುತ್ತದೆ. ಅದನ್ನು ಬಿಚ್ಚುವುದು ದಳದವರು ನೀರು ಹಿಡಿದು ನಿಂತ ಮೇಲೆಯೇ.

ಬಿಸಿ ತಾನಾಗಿ ಇಳಿದರೂ ಆ ಹುಲ್ಲನ್ನು ಕುದುರೆಗೆ ಹಾಕುವ ಮುನ್ನ ಬಿಚ್ಚಿ ನೋಡಿ. ಕಂದು ಬಣ್ಣಕ್ಕೆ ತಿರುಗಿದ ಹುಲ್ಲಿನಲ್ಲಿ ಜೀರ್ಣವಾಗುವ ಪ್ರೋಟೀನು ಕಡಿಮೆಯಾಗಿರುತ್ತದೆ. ಕೊಡವಿದಾಗ ಬೂಷ್ಟಿನ ಧೂಳು ಏಳುವ ಹುಲ್ಲು ಕುದುರೆಯ ಶ್ವಾಸಕೋಶಕ್ಕೆ ಹಗೆ.

ಇನ್ನು ಅಟ್ಟದ ಮಾತು. ಕುದುರೆಯ ತಲೆಯ ಮೇಲೆ ಹುಲ್ಲು ಇಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಮೇಲಿನಿಂದ ಹಾಕಿದರೆ ನೇರ ಗೊಂತಿಗೆ ಬೀಳುತ್ತದೆ, ಹೊರುವ ಶ್ರಮ ಉಳಿಯುತ್ತದೆ ಎನ್ನುವುದು ನಿಜ. ಆದರೆ ಬೆಂಕಿ ಬಿದ್ದಾಗ ಉರಿಯುವ ಹುಲ್ಲೂ ಅದೇ ದಾರಿಯಲ್ಲಿ ಬೀಳುತ್ತದೆ. ದಾಸ್ತಾನು ಬೇರೆ ಕಟ್ಟಡದಲ್ಲಿ, ಸಾಧ್ಯವಿದ್ದರೆ 30 ಮೀಟರ್ ದೂರದಲ್ಲಿ ಇರಲಿ, ಲಾಯದೊಳಗೆ ಎರಡು ದಿನಕ್ಕಾಗುವಷ್ಟು ಮಾತ್ರ ಇರಲಿ. ಮುಂದಿನ ಸಲ ಪೆಂಡಿ ಕಟ್ಟಿಸುವ ಮುನ್ನ ತೇವಾಂಶ ಅಳೆಯುವ ಮೀಟರು ಹಿಡಿದು ನೋಡಿ. ಸಣ್ಣ ಪೆಂಡಿಗೆ ಶೇ 18ರಿಂದ 20, ಯಂತ್ರ ಬಿಗಿಯಾಗಿ ಒತ್ತುವ ದೊಡ್ಡ ಪೆಂಡಿಗೆ ಶೇ 16 ಮೀರಬಾರದು. ಹಳೆಯ ಹುಲ್ಲೆಂದು ನಿಶ್ಚಿಂತರಾಗುವಂತೆಯೂ ಇಲ್ಲ, ಸೋರುವ ಮಾಡಿನ ಕೆಳಗೆ ನೆನೆದ ಹಳೆಯ ಪೆಂಡಿಯೂ ಹೊಸದರಂತೆಯೇ ಕಾಯುತ್ತದೆ. ಲದ್ದಿಯ ತಿಪ್ಪೆ ಕೂಡ ಇದೇ ಜಾತಿಯದು. ಅದನ್ನು ಲಾಯದ ಹಿಂಗೋಡೆಗೆ ಒತ್ತಿ ಹಾಕುವವರು ಬಹಳ.

ಪ್ರಶ್ನೆ: ನಮ್ಮ ಲಾಯದ ವೈರಿಂಗ್ ಹಳೆಯದು. ಸೆಖೆಗಾಲದಲ್ಲಿ ಎಕ್ಸ್‌ಟೆನ್ಷನ್ ವೈರು ಎಳೆದು ಮನೆಯ ಫ್ಯಾನುಗಳನ್ನೇ ರಾತ್ರಿಯಿಡೀ ಓಡಿಸುತ್ತೇವೆ. ಎಂಸಿಬಿ ಇರುವುದರಿಂದ ಅಪಾಯವಿಲ್ಲ ಅಲ್ಲವೇ? ಹೊಗೆಯ ಅಲಾರಂ ಧೂಳಿಗೇ ಕೂಗುತ್ತಿತ್ತೆಂದು ಕಿತ್ತುಹಾಕಿದ್ದೇವೆ. ಬೆಂಕಿ ನಂದಿಸುವ ಸಿಲಿಂಡರ್ ಯಾವುದು ಒಳ್ಳೆಯದು?

ಉತ್ತರ: ಎಂಸಿಬಿ ಎಲ್ಲ ದೋಷಗಳನ್ನೂ ಕಾಣುವುದಿಲ್ಲ. ವೈರಿನಲ್ಲಿ ಮಿತಿ ಮೀರಿ ಕರೆಂಟು ಹರಿದಾಗ ಅದು ಬೀಳುತ್ತದೆ, ಸರಿ. ಆದರೆ ಲಾಯಗಳಲ್ಲಿ ಸಾಮಾನ್ಯವಾಗಿ ಕೆಡುವುದು ಜೋಡಣೆಗಳು. ಮೂತ್ರದಿಂದ ಏಳುವ ಅಮೋನಿಯಾ ತಾಮ್ರವನ್ನು ತಿನ್ನುತ್ತದೆ, ಸ್ಕ್ರೂ ಸಡಿಲವಾಗುತ್ತದೆ, ಸಡಿಲವಾದ ಕಡೆ ಕರೆಂಟು ಹೆಚ್ಚಾಗದೆಯೇ ಬಿಸಿ ಹೆಚ್ಚಾಗುತ್ತದೆ. ಸ್ವಿಚ್ ಪೆಟ್ಟಿಗೆಯ ಪ್ಲಾಸ್ಟಿಕ್ಕು ಕಂದಾಗಿ ಕರಗತೊಡಗಿದ್ದರೂ ಎಂಸಿಬಿಯ ಪಾಲಿಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಇಂದು ರಾತ್ರಿ ಫ್ಯಾನು ಎರಡು ಗಂಟೆ ಓಡಿದ ಮೇಲೆ ಸ್ವಿಚ್ ಆರಿಸಿ, ಪ್ಲಗ್ಗನ್ನು ಕಿತ್ತು ಅದರ ಹೊರಮೈ ಮುಟ್ಟಿ ನೋಡಿ. ಬಿಸಿ ತಾಗಿದರೆ ಆ ಸಾಕೆಟ್ಟನ್ನು ಮತ್ತೆ ಬಳಸಬೇಡಿ.

ಮನೆಯ ಫ್ಯಾನಿನ ಮೋಟಾರು ತೆರೆದಿರುತ್ತದೆ. ಹುಲ್ಲಿನ ಧೂಳು, ಕುದುರೆಯ ರೋಮ ಅದರೊಳಗೆ ಸೇರಿ ಭಾವಿಯ ಪಾಚಿಯಂತೆ ಕಟ್ಟಿಕೊಳ್ಳುತ್ತವೆ, ಗಾಳಿಯಿಲ್ಲದೆ ಮೋಟಾರು ಕಾಯುತ್ತದೆ, ಆ ಧೂಳೇ ಮೊದಲು ಹೊತ್ತುತ್ತದೆ. ಧೂಳಿನ ಕಟ್ಟಡಗಳಿಗೆಂದೇ ಮಾಡಿದ, ಮೋಟಾರು ಪೂರ್ತಿ ಮುಚ್ಚಿರುವ ಫ್ಯಾನುಗಳಿವೆ, ಬಾಡಿಗೆಗಾದರೂ ತನ್ನಿ. ಎಕ್ಸ್‌ಟೆನ್ಷನ್ ವೈರನ್ನು ಕುದುರೆ ಕಡಿಯುತ್ತದೆ, ಇಲಿ ಇನ್ನೂ ಹೆಚ್ಚಾಗಿ ಕಡಿಯುತ್ತದೆ. ಶಾಶ್ವತ ವೈರಿಂಗನ್ನು ಲೋಹದ ಕೊಳವೆಯೊಳಗೆ ಮಾಡಿಸಿ, ಸೋರಿಕೆ ಕಂಡರೆ ಕರೆಂಟು ಕಡಿಯುವ ಆರ್‌ಸಿಸಿಬಿ ಹಾಕಿಸಿ, ಇಡೀ ಲಾಯದ ಮುಖ್ಯ ಸ್ವಿಚ್ಚು ಹೊರಗೋಡೆಯ ಮೇಲಿರಲಿ. ಬಲ್ಬುಗಳಿಗೆ ಗಾಜಿನ ಮುಚ್ಚಳ, ಅದರ ಹೊರಗೆ ತಂತಿಯ ಪಂಜರ ಬೇಕು. ಜೇಡರ ಬಲೆಯನ್ನು ವಾರಕ್ಕೊಮ್ಮೆ ಗುಡಿಸಿ. ಧೂಳು ಹಿಡಿದ ಬಲೆ ತೊಲೆಯಿಂದ ತೊಲೆಗೆ ಬೆಂಕಿಯನ್ನು ದಾಟಿಸುವ ಬತ್ತಿ.

ಹೊಗೆಯ ಅಲಾರಂ ಕಿತ್ತದ್ದಕ್ಕೆ ನಿಮ್ಮನ್ನು ಬಯ್ಯಲಾರೆ. ಲಾಯದ ಧೂಳಿನಲ್ಲಿ ಅದು ಸುಳ್ಳುಸುಳ್ಳೇ ಕೂಗುವುದು ಹೌದು. ಅದರ ಜಾಗಕ್ಕೆ ಶಾಖ ಏರುವ ವೇಗವನ್ನು ಗಮನಿಸುವ ಅಲಾರಂ ಹಾಕಿಸಿ. ಅದು ಹೊಗೆಯದಕ್ಕಿಂತ ತುಸು ತಡವಾಗಿ ಎಚ್ಚರಿಸುತ್ತದೆ, ಆದರೂ ಕಿತ್ತುಹಾಕಿದ ಅಲಾರಂಗಿಂತ ಮೇಲು. ಗಂಟೆ ಕೂಗಬೇಕಾದದ್ದು ಜನ ಮಲಗುವ ಕಡೆ. ಕುದುರೆಗಳನ್ನು ಎಬ್ಬಿಸಿ ಪ್ರಯೋಜನವಿಲ್ಲ.

ಸಿಲಿಂಡರ್ ಹಲವು ಬಗೆಯ ಬೆಂಕಿಗೆ ಆಗುವ ಎಬಿಸಿ ಪುಡಿಯದ್ದಾಗಿರಲಿ, ಪ್ರತಿ ಹೊರಬಾಗಿಲಲ್ಲಿ ಒಂದು, ನಡುವೆ ಹದಿನೈದು ಮೀಟರಿಗೊಂದು. ತಿಂಗಳಿಗೊಮ್ಮೆ ಮುಳ್ಳು ಹಸಿರು ಗುರುತಿನಲ್ಲಿದೆಯೇ ನೋಡಿ. ಪುಡಿಯಿಂದ ಮೇಲಿನ ಜ್ವಾಲೆ ಆರುತ್ತದೆ, ಹುಲ್ಲಿನೊಳಗಿನ ಕೆಂಡ ಆರುವುದಿಲ್ಲ. ಅದಕ್ಕೆ ನೀರೇ ಬೇಕು, ಆದ್ದರಿಂದ ಲಾಯದ ಕೊನೆಯ ಮೂಲೆ ಮುಟ್ಟುವಷ್ಟು ಉದ್ದದ ಪೈಪನ್ನು ನಲ್ಲಿಗೆ ಸಿಕ್ಕಿಸಿಯೇ ಇಡಿ. ಮುಖ್ಯ ಸ್ವಿಚ್ಚು ಆರಿಸದೆ ನೀರು ಬಿಡಬೇಡಿ. ಹೊಸ ಲಾಯ ಕಟ್ಟಿಸುವವರು ತಮ್ಮ ವಾಸ್ತುಶಿಲ್ಪಿಗೆ ಎನ್‌ಎಫ್‌ಪಿಎ 150 ಎಂಬ ಸಂಹಿತೆಯನ್ನು ಓದಲು ಹೇಳಿ, ಪ್ರಾಣಿಗಳಿರುವ ಕಟ್ಟಡಗಳ ಅಗ್ನಿ ಸುರಕ್ಷತೆಗೆಂದೇ ಅಮೆರಿಕದಲ್ಲಿ ರೂಪಿಸಿದ್ದು ಅದು.

ಪ್ರಶ್ನೆ: ಬೆಂಕಿಯಿಂದ ಹೊರಗೆ ತಂದ ಕುದುರೆ ಮತ್ತೆ ಒಳಗೇ ಓಡುತ್ತದೆ ಎನ್ನುತ್ತಾರೆ. ಇದು ನಿಜವೇ? ಬಾಗಿಲುಗಳನ್ನೆಲ್ಲ ತೆರೆದುಬಿಟ್ಟರೆ ಅವು ತಾವೇ ತಪ್ಪಿಸಿಕೊಳ್ಳಲಾರವೇ?

ಉತ್ತರ: ನಿಜ. ಕುದುರೆಗೆ ತನ್ನ ಕೋಣೆ ಎಂದರೆ ತಿನ್ನುವ, ಮಲಗುವ, ಯಾರೂ ಬೆನ್ನಟ್ಟದ ಜಾಗ. ಗಾಬರಿಯಾದಾಗ ಅದು ಹುಡುಕುವುದು ಅದೇ ಜಾಗವನ್ನು. ಅಲ್ಲಿ ಈಗ ಹೊಗೆ ತುಂಬಿದೆ ಎಂಬ ಲೆಕ್ಕ ಅದಕ್ಕೆ ಬರುವುದಿಲ್ಲ. ಬಾಗಿಲು ತೆರೆದರೂ ಮೂಲೆಗೆ ಒತ್ತಿಕೊಂಡು ನಿಲ್ಲುವ ಕುದುರೆಗಳೇ ಹೆಚ್ಚು. ಒಂದೊಂದನ್ನೂ ಹಿಡಿದು ನಡೆಸಿಕೊಂಡು ಹೋಗಿ ಬೇಲಿಯಿರುವ ಬಯಲಿನಲ್ಲಿ ಕೂಡಬೇಕು, ಹಿಂದಿರುಗುವ ದಾರಿಯನ್ನು ಮುಚ್ಚಬೇಕು. ಆ ಬಯಲು ಗಾಳಿ ಬೀಸಿ ಬರುವ ದಿಕ್ಕಿನಲ್ಲಿದ್ದರೆ ಒಳ್ಳೆಯದು, ಅಗ್ನಿಶಾಮಕ ವಾಹನ ಬರುವ ದಾರಿಯಲ್ಲಂತೂ ಇರಬಾರದು.

ಹಾಗೆ ನಡೆಸಲು ಹಾಲ್ಟರ್, ಅಂದರೆ ಕುದುರೆಯ ತಲೆಗೆ ತೊಡಿಸುವ ಪಟ್ಟಿ ಬೇಕು, ಹಗ್ಗ ಬೇಕು. ನಾನು ಹಿಂದೊಮ್ಮೆ ನೋಡಲು ಹೋದ ಒಂದು ಲಾಯದಲ್ಲಿ ಹದಿನಾಲ್ಕು ಹಾಲ್ಟರುಗಳು ಎಣ್ಣೆ ಸವರಿ ಹೊಳೆಯುತ್ತ ಜೀನುಗಳ ಕೋಣೆಯಲ್ಲಿ ಸಾಲಾಗಿ ತೂಗುತ್ತಿದ್ದವು. ಆ ಕೋಣೆಗೆ ಬೀಗ, ಬೀಗದ ಕೈ ರಜೆಯ ಮೇಲೆ ಊರಿಗೆ ಹೋದ ಮೇಸ್ತ್ರಿಯ ಜೇಬಿನಲ್ಲಿ! ಹಾಲ್ಟರ್ ಇರಬೇಕಾದ್ದು ಪ್ರತಿ ಕೋಣೆಯ ಬಾಗಿಲ ಹೊರಗಿನ ಮೊಳೆಯ ಮೇಲೆ, ಹಗ್ಗ ಸಿಕ್ಕಿಸಿಕೊಂಡೇ. ಚರ್ಮದ್ದೋ ಹತ್ತಿಯದೋ ಆಗಿರಲಿ, ನೈಲಾನು ಬಿಸಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಚಿಲಕ ಒಂದೇ ಕೈಯಲ್ಲಿ, ಒಂದೇ ಎಳೆತಕ್ಕೆ ತೆರೆಯಬೇಕು. ಮಳೆಗೆ ಉಬ್ಬಿ ಬಿಗಿಯಾದ ಬಾಗಿಲನ್ನು ಕೆರೆಸಿ ಸಡಿಲಿಸಿ. ತಿಂಗಳಿಗೊಮ್ಮೆ ರಾತ್ರಿ ದೀಪ ಆರಿಸಿ, ಕತ್ತಲೆಯಲ್ಲೇ ಚಿಲಕ ತಡವಿ, ಹಾಲ್ಟರ್ ತೊಡಿಸಿ, ಎಲ್ಲ ಕುದುರೆಗಳನ್ನೂ ಬಯಲಿಗೆ ಮುಟ್ಟಿಸಲು ಎಷ್ಟು ನಿಮಿಷ ಹಿಡಿಯುತ್ತದೆಂದು ಗಡಿಯಾರ ಹಿಡಿದು ನೋಡಿ. ಮೊದಲ ಸಲದ ಲೆಕ್ಕ ನಿಮ್ಮನ್ನು ಕಂಗೆಡಿಸುತ್ತದೆ, ಏಕೆಂದರೆ ಒಣಹುಲ್ಲು ಹಾಸಿದ ಕೋಣೆಗೆ ಹೊತ್ತಿದ ಬೆಂಕಿ ಕುದುರೆಯ ಪ್ರಾಣ ತೆಗೆಯಲು ಕೆಲವೇ ನಿಮಿಷ ಸಾಕು. ಹಾಲ್ಟರ್ ತೊಡಿಸಲು ಕಾಡುವ ಕುದುರೆಯನ್ನು ಬಾಗಿಲ ಹತ್ತಿರದ ಕೋಣೆಯಲ್ಲಿ ಕಟ್ಟಿ. ಕಣ್ಣಿಗೆ ಬಟ್ಟೆ ಕಟ್ಟಿದರೆ ಕೆಲವು ಕುದುರೆಗಳು ಹಿಂಬಾಲಿಸುತ್ತವೆ, ಕೆಲವು ನೆಟ್ಟ ಕಂಬದಂತೆ ನಿಂತುಬಿಡುತ್ತವೆ. ನಿಮ್ಮದು ಯಾವ ಬಗೆಯದು ಎಂಬುದನ್ನು ಶಾಂತವಾದ ದಿನದಲ್ಲೇ ತಿಳಿದುಕೊಳ್ಳಿ.

ಬೆಂಕಿ ಕಂಡಾಗ ಮೊದಲು ಅಗ್ನಿಶಾಮಕ ದಳಕ್ಕೆ ಫೋನು, ಮನುಷ್ಯರೆಲ್ಲ ಹೊರಗಿದ್ದಾರೆಯೇ ಎಂಬ ಎಣಿಕೆ, ಆಮೇಲೆ ಕುದುರೆ, ಅದರಲ್ಲೂ ಹೊರಬಾಗಿಲಿಗೆ ಹತ್ತಿರವಿರುವುದು ಮೊದಲು. ಮಾಡು ಹೊತ್ತಿದ್ದರೆ ಅಥವಾ ಹೊಗೆ ನಿಮ್ಮ ತಲೆಯ ಮಟ್ಟಕ್ಕೆ ಇಳಿದಿದ್ದರೆ ಒಳಗೆ ಹೋಗಬೇಡಿ. ಇದನ್ನು ಬರೆಯುವುದು ನನಗೂ ಸುಲಭವಲ್ಲ.

ಪ್ರಶ್ನೆ: ಲಾಯದ ಪಕ್ಕದ ಉಗ್ರಾಣದಲ್ಲಿ ಸಣ್ಣ ಬೆಂಕಿಯಾಗಿ ನಮ್ಮ ಕುದುರೆ ಸುಮಾರು ಹತ್ತು ನಿಮಿಷ ಹೊಗೆ ಕುಡಿಯಿತು. ಮೈ ಸುಟ್ಟಿಲ್ಲ, ಚೆನ್ನಾಗಿ ಮೇಯುತ್ತಿದೆ. ವೈದ್ಯರನ್ನು ಕರೆಸಬೇಕೇ?

ಉತ್ತರ: ಕರೆಸಲೇಬೇಕು, ಅಂದೇ. ಹೊಗೆ ಕುಡಿದ ಕುದುರೆ ಮೊದಲ ದಿನ ಏನೂ ಆಗದಂತೆ ಕಾಣಬಹುದು. ಉಸಿರಿನ ನಾಳಗಳ ಊತ, ಶ್ವಾಸಕೋಶದಲ್ಲಿ ನೀರು ತುಂಬುವುದು, ಒಂದೆರಡು ದಿನ ಕಳೆದು ನ್ಯುಮೋನಿಯಾ ಇವೆಲ್ಲ 24ರಿಂದ 72 ಗಂಟೆಗಳ ನಡುವೆ ತಲೆ ಎತ್ತುತ್ತವೆ. ಪಕ್ಕೆಯ ಏರಿಳಿತ ನೋಡಿ ನಿಮಿಷಕ್ಕೆ ಎಷ್ಟು ಉಸಿರೆಂದು ಎಣಿಸಿ ಬರೆದಿಡಿ. ನಿಂತಿರುವ ಆರೋಗ್ಯವಂತ ಕುದುರೆಯಲ್ಲಿ ಅದು 8ರಿಂದ 16. ಮೂಗಿನ ಹೊಳ್ಳೆ ಅರಳಿಸುವುದು, ಕೆಮ್ಮು, ಮೂಗಿನಲ್ಲಿ ನೊರೆ ಇವುಗಳಲ್ಲಿ ಒಂದು ಕಂಡರೂ ವೈದ್ಯರನ್ನು ಮತ್ತೆ ಕರೆಯಿರಿ. ಹುಲ್ಲನ್ನು ನೀರಿನಲ್ಲಿ ನೆನೆಸಿ ಕೊಡಿ. ನಾಲ್ಕರಿಂದ ಆರು ವಾರ ಸವಾರಿ, ಓಟ ಬೇಡ. ಎಲ್ಲಾದರೂ ಸುಟ್ಟಿದ್ದು ರೋಮದ ಕೆಳಗೆ ಈಗ ಕಾಣಿಸಿದರೆ ಎಣ್ಣೆ, ಮುಲಾಮು ಏನನ್ನೂ ಸವರದೆ ಶುಭ್ರವಾಗಿ ಇಟ್ಟು ವೈದ್ಯರಿಗೆ ತೋರಿಸಿ. ಮೊದಲ ಮೂರು ರಾತ್ರಿ ಎರಡು ಗಂಟೆಗೊಮ್ಮೆ ಯಾರಾದರೂ ಎದ್ದು ಉಸಿರು ಎಣಿಸುವಂತೆ ಮನೆಯವರು ಸರದಿ ಹಾಕಿಕೊಳ್ಳಿ.